ಒಂಬತ್ತನೇ ಕಿಟಕಿಯ ಏಳು

ನಮ್ಮಕ್ಕ ರೇಸ್ ಮೈದಾನದಲ್ಲಿ ಇಪ್ಪತ್ತೆಂಟು ವರ್ಷ ಬಾಜಿ ಟಿಕೆಟ್ ಮಾರಿದಳು. ಅಷ್ಟು ವರ್ಷದಲ್ಲಿ ಒಂದೇ ಒಂದು ಕುದುರೆ ಓಡುವುದನ್ನೂ ನೋಡಲಿಲ್ಲ. ಟಿಕೆಟ್ ಕಟ್ಟಡ ಮೈದಾನಕ್ಕೆ ಬೆನ್ನು ಹಾಕಿ ನಿಂತಿತ್ತು. ಒಂಬತ್ತನೇ ಕಿಟಕಿಯಿಂದ ಅವಳಿಗೆ ಕಾಣುತ್ತಿದ್ದದ್ದು ಸೈಕಲ್ ನಿಲ್ಲಿಸುವ ಜಾಗ ಮತ್ತು ಒಂದು ನೀರಿನ ನಲ್ಲಿ, ಅಷ್ಟೇ. "ಎದ್ದು ಹಿಂದಿನ ಬಾಗಿಲಿಗೆ ಹೋದ್ರೆ ಕಾಣುತ್ತಲ್ಲೇ" ಎಂದರೆ, "ಕೆಲಸದ ಹೊತ್ತಲ್ಲಿ ಕುರ್ಚಿ ಬಿಡೋ ಹಾಗಿಲ್ಲ, ನಿಯಮ ಆರು" ಎನ್ನುತ್ತಿದ್ದಳು.

ಅವಳ ಹತ್ತಿರ ಒಂದು ನೀಲಿ ರಟ್ಟಿನ ಪುಸ್ತಕವಿತ್ತು. ಟಿಕೆಟ್ ಮಾರುವವರು ಹೇಗಿರಬೇಕು ಎಂಬುದಕ್ಕೆ ಅರವತ್ತೆರಡು ನಿಯಮಗಳು. ಗಿರಾಕಿ ಕುದುರೆಯ ಹೆಸರು ಹೇಳಿದರೆ ಟಿಕೆಟ್ ಕೊಡುವಂತಿಲ್ಲ, ನಂಬರೇ ಹೇಳಬೇಕು. ಯಾವ ರೇಸು, ಯಾವ ನಂಬರು, ಗೆಲ್ಲುತ್ತದೆ ಎಂದು ಕಟ್ಟುವುದೋ ಮೊದಲ ಮೂರರಲ್ಲಿ ಬರುತ್ತದೆ ಎಂದು ಕಟ್ಟುವುದೋ, ಎಷ್ಟು ಟಿಕೆಟು, ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಹೇಳಬೇಕು. ಮಾರುವವರು ಅದನ್ನು ಅದೇ ಕ್ರಮದಲ್ಲಿ ತಿರುಗಿ ಹೇಳಿ "ಸರೀನಾ?" ಎಂದು ಕೇಳಬೇಕು. ಗಂಟೆ ಹೊಡೆದ ಕೂಡಲೇ ಕಿಟಕಿ ಮುಚ್ಚಬೇಕು. ಗಿರಾಕಿಯ ಕೈ ಒಳಗಿದ್ದರೆ, "ದಯವಿಟ್ಟು ಕೈ ತೆಗೆಯಿರಿ" ಎಂದು ಒಮ್ಮೆ ಹೇಳಿ ಮುಚ್ಚಬೇಕು. ಒಮ್ಮೆ ಮಾತ್ರ.

ಈ ನಿಯಮಗಳು ಮೈದಾನದಲ್ಲೇ ಇದ್ದಿದ್ದರೆ ನನಗೇನೂ ತಕರಾರಿರಲಿಲ್ಲ. ಅವು ಅಕ್ಕನ ಜತೆ ಬಸ್ಸು ಹತ್ತಿ ಮನೆಗೆ ಬರುತ್ತಿದ್ದವು. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. "ಬರ್ತಾ ಎರಡುಂಡೆ ಬಿಳೀ ದಾರ ತಗೊಂಡು ಬಾರೇ" ಎಂದರೆ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, "ದಾರ, ಬಿಳಿ, ಉಂಡೆ, ಎರಡು. ಸರೀನಾ?" ಎನ್ನುವಳು. ನಾನು ಹೌದು ಎನ್ನುವ ತನಕ ಹೊಸಿಲು ದಾಟುತ್ತಿರಲಿಲ್ಲ. ಒಂದು ದಿನ ಬೇಕೆಂದೇ ಸುಮ್ಮನೆ ಕೂತೆ. ಬಸ್ಸು ಬಂತು, ಹೋಯಿತು. ಅವಳು ಹೊಸಿಲ ಮೇಲೇ ಇದ್ದಳು.

ನಿಯಮ ಎಂಟು ನನ್ನ ಹೊಟ್ಟೆಗೇ ಬೆಂಕಿ ಇಟ್ಟಿತ್ತು. ಮಾರುವವರ ಜತೆ ಒಂದೇ ಸೂರಿನಡಿ ಇರುವವರು ಬಾಜಿ ಕಟ್ಟುವಂತಿಲ್ಲ. ನನಗೋ ಕುದುರೆ ಅಂದರೆ ಪ್ರಾಣ. ಪೇಪರಿನಲ್ಲಿ ಕುದುರೆಗಳ ಪಟ್ಟಿ ನೋಡಿ ಮನಸ್ಸಿನಲ್ಲೇ ಬಾಜಿ ಕಟ್ಟುತ್ತಿದ್ದೆ, ಮನಸ್ಸಿನಲ್ಲೇ ಗೆದ್ದು, ಮನಸ್ಸಿನಲ್ಲೇ ಹೊಸ ಹೊಲಿಗೆ ಮೆಷಿನ್ ಕೊಳ್ಳುತ್ತಿದ್ದೆ. ಹಳೇ ಮೆಷಿನ್ನಿನ ಕಾಲು ಮಾತ್ರ ಹಾಗೇ ಕಿರುಗುಡುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಪೀಡೆ ನಿಯಮ ಹದಿನಾಲ್ಕು. "ಟಿಕೆಟ್ ಮಾರುವವರು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಮುಖಭಾವದಿಂದಾಗಲಿ ಯಾವ ಕುದುರೆಯ ಬಗ್ಗೆಯೂ ಅಭಿಪ್ರಾಯ ಸೂಚಿಸತಕ್ಕದ್ದಲ್ಲ." ತಪ್ಪಿದರೆ ಕೆಲಸದಿಂದ ವಜಾ, ನಿವೃತ್ತಿಯ ಹಣವೂ ಇಲ್ಲ. ಉಳಿದ ಮಾರಾಟಗಾರರು ಇದನ್ನು ಓದಿ ನಕ್ಕು ಮರೆತರು. ಅಕ್ಕ ಮಾತ್ರ ಮೊದಲ ವಾರವೇ ಮುಖದಲ್ಲಿದ್ದದ್ದನ್ನೆಲ್ಲ ಗುಡಿಸಿ ಹಾಕಿದಳು. ಆಮೇಲೆ ಆ ಮುಖಕ್ಕೆ ಏನೂ ವಾಪಸ್ ಬರಲಿಲ್ಲ. ಹೊಸ ಬಟ್ಟೆ ತೋರಿಸಿ "ಹೆಂಗಿದೆ?" ಎಂದರೆ ಗೋಡೆಯನ್ನು ಕೇಳಿದ ಹಾಗೆ. ನನ್ನ ಮದುವೆಗೆ ಗಂಡು ನೋಡಿದಾಗ ಅಡಿಗೆಮನೆಗೆ ಕರೆದು, "ನಿಜ ಹೇಳೇ ಅಕ್ಕಾ, ಹೆಂಗನ್ನಿಸ್ತು?" ಎಂದು ಕೇಳಿದೆ. "ನಾನು ಹೇಳಬಾರದು ಕಣೇ. ಆರಿಸಿಕೊಳ್ಳೋದು ಗಿರಾಕಿಗೆ ಬಿಟ್ಟಿದ್ದು" ಎಂದಳು. ಮೂರು ವರ್ಷವಾದ ಮೇಲೆ ಆ ಮಹಾನುಭಾವನನ್ನು ಬಿಟ್ಟು, ಪೆಟ್ಟಿಗೆ ಹಿಡಿದು ಅವಳ ಬಾಗಿಲಿಗೆ ಬಂದೆ. ಪೆಟ್ಟಿಗೆ ಒಳಗಿಡುತ್ತಾ, "ನನಗೆ ಅವತ್ತೇ ಅನ್ನಿಸಿತ್ತು" ಎಂದಳು. ಪೆಟ್ಟಿಗೆ ಅವಳ ಕಾಲ ಮೇಲೆ ಹಾಕಬೇಕು ಅನ್ನಿಸಿತು. ಆದರೆ ಅವತ್ತಿನಿಂದ ಇವತ್ತಿನವರೆಗೂ ನನ್ನನ್ನು ಸಾಕಿದ್ದು ಅವಳೇ, ಅದನ್ನೂ ಹೇಳಬೇಕು.

ಅವಳ ನಿವೃತ್ತಿಗೆ ಮೂರು ತಿಂಗಳಿದ್ದಾಗ ಹತ್ತನೇ ಕಿಟಕಿಗೆ ಹೊಸಬನೊಬ್ಬ ಬಂದ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಐದು ತಿಂಗಳ ಅವಳಿ ಮಕ್ಕಳು. ಒಂದು ಮಲಗಿದಾಗ ಇನ್ನೊಂದು ಏಳುವುದು, ಇನ್ನೊಂದು ಮಲಗುವ ಹೊತ್ತಿಗೆ ಮೊದಲನೆಯದು ಏಳುವುದು. ಗಂಡಹೆಂಡತಿ ಇಬ್ಬರಿಗೂ ನಿದ್ದೆಯಿಲ್ಲದೆ ಕಣ್ಣು ಗುಳಿ ಬಿದ್ದಿದ್ದವು. ಅವನನ್ನು ಎಲ್ಲರೂ ಅವಳಿ ಅಪ್ಪ ಎಂದೇ ಕರೆಯುತ್ತಿದ್ದರು. ಕೆಲಸದ ಹೊತ್ತಿನಲ್ಲಿ ನಿದ್ದೆ ಮಾಡಿದರೆ ಕಾಯಂ ನೌಕರರಿಗೆ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಷರಾ, ಕಾಯಂ ಆಗದವರಿಗೆ ಅವತ್ತೇ ಮನೆ. ಅದು ನಿಯಮ ಇಪ್ಪತ್ತಮೂರು.

ಅವತ್ತು ನಾಲ್ಕನೇ ರೇಸಿಗೆ ಐದು ನಿಮಿಷವಿತ್ತು. ಊಟವಾದ ಹೊತ್ತು, ಸೆಕೆ ಬೇರೆ. ಹತ್ತನೇ ಕಿಟಕಿಯ ಟಿಕೆಟ್ ಮೆಷಿನ್ನಿನಲ್ಲಿ ಕಾಗದದ ಸುರುಳಿ ಮುಗಿದಿತ್ತು. ಅವಳಿ ಅಪ್ಪ ಕಿಟಕಿಯ ಪರದೆ ಎಳೆದು, ಹೊಸ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಾಗೇ ಮೆಷಿನ್ನಿಗೆ ಹಣೆ ಹಚ್ಚಿ ಮಲಗಿಬಿಟ್ಟ. ಆಗಲೇ ಹಿಂದಿನ ಬಾಗಿಲ ಕಡೆಯಿಂದ ಮೇಲ್ವಿಚಾರಕರ ಬೂಟಿನ ಸದ್ದು. ಅಕ್ಕ ಕುರ್ಚಿ ಬಿಡುವಂತಿಲ್ಲ. ಅನಗತ್ಯ ಮಾತಾಡುವಂತಿಲ್ಲ, ಅದಕ್ಕೂ ಒಂದು ನಿಯಮ. ತೀರಾ ಅಗತ್ಯವಾದ ಒಂದೇ ಮಾತು ಹೇಳಿದಳು.

"ಏಳು."

ಅವನು ಏಳಲಿಲ್ಲ. ಬೂಟಿನ ಸದ್ದು ಹತ್ತಿರವಾಯಿತು.

"ಏಳು!" ಎಂದಳು. ಆಮೇಲೆ, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ದನಿ ಎತ್ತಿ, "ಏಳು ಅಂದೆ ಅಲ್ವಾ!"

ಅವಳಿ ಅಪ್ಪ ಧಡಕ್ಕನೆ ಎದ್ದು ಸುರುಳಿ ಹಾಕತೊಡಗಿದ. ಮೇಲ್ವಿಚಾರಕರು ಬಂದು ನೋಡಿ, ಎಲ್ಲ ಸರಿಯಿದೆ ಎಂದು ಮುಂದೆ ಹೋದರು. ಒಳಗಿನ ಕಥೆ ಅಲ್ಲಿಗೆ ಮುಗಿಯಿತು. ಹೊರಗಿನ ಕಥೆ ಶುರುವಾಯಿತು.

ಅಕ್ಕನ ಕಿಟಕಿಯ ಮುಂದೆ ಮೊದಲನೆಯವರಾಗಿ ನಿಂತಿದ್ದವರು ಒಬ್ಬ ದಪ್ಪ ಕನ್ನಡಕದ ಯಜಮಾನರು. ಇಪ್ಪತ್ತು ವರ್ಷದಿಂದ ಒಂಬತ್ತನೇ ಕಿಟಕಿಯನ್ನೇ ನೆಚ್ಚಿಕೊಂಡವರು. ಈ ಹೆಂಗಸಿಗೆ ಎಲ್ಲ ಗೊತ್ತು, ಬಾಯಿ ಬಿಡುವುದಿಲ್ಲ ಅಷ್ಟೇ ಎಂಬುದು ಅವರ ಗಟ್ಟಿ ನಂಬಿಕೆ. ಇಪ್ಪತ್ತು ವರ್ಷ ಅವಳ ಹುಬ್ಬು, ಮೂಗು, ತುಟಿ ಎಲ್ಲ ಓದಲು ನೋಡಿ ಸೋತಿದ್ದರು. ಇವತ್ತು ಅವಳೇ ಬಾಯಿ ಬಿಟ್ಟಳು. ಒಂದಲ್ಲ, ಮೂರು ಸಲ. ಮೂರನೇ ಸಲವಂತೂ ಗದರಿ ಹೇಳಿದಳು.

"ನಾಲ್ಕನೇ ರೇಸು, ಏಳನೇ ನಂಬರು, ಗೆಲುವು, ಹತ್ತು ಟಿಕೆಟು" ಎಂದರು.

ಅಕ್ಕ ನಿಯಮದಂತೆ ತಿರುಗಿ ಹೇಳಿದಳು. "ನಾಲ್ಕು, ಏಳು, ಗೆಲುವು, ಹತ್ತು. ಸರೀನಾ?"

"ನೀವು ಹೇಳಿದ ಮೇಲೆ ಸರಿ ಇಲ್ದೆ ಏನಮ್ಮಾ!"

ಸಾಲಿನಲ್ಲಿ ಗುಸುಗುಸು ಹಬ್ಬಿತು. ಹಿಂದಿನವನೂ ಏಳು, ಅವನ ಹಿಂದಿನವಳೂ ಏಳು. ಆ ಏಳನೇ ನಂಬರಿನ ಕುದುರೆ ಯಾವುದು ಅಂತೀರಿ? ವಯಸ್ಸಾದ ಒಂದು ಕಂದು ಕುದುರೆ. ತಿರುವಿನಲ್ಲಿ ವೇಗ ಇಳಿಸಿ ಜನರನ್ನು ನೋಡಿಕೊಂಡು ಹೋಗುವುದು ಅದರ ಅಭ್ಯಾಸ. ನಾನು ಮನಸ್ಸಿನಲ್ಲಿ ಕೂಡ ಅದರ ಮೇಲೆ ಬಾಜಿ ಕಟ್ಟಿದವಳಲ್ಲ. ಇವರಿಗೆಲ್ಲ ತಲೆ ಕೆಟ್ಟಿತೇ ಎಂದು ಅಕ್ಕನಿಗೆ ಅನ್ನಿಸಿತಂತೆ. ಆದರೆ ಹಾಗೆ ಅನ್ನಿಸಿದ್ದನ್ನು ಮುಖದಲ್ಲಿ ತೋರಿಸುವಂತಿಲ್ಲವಲ್ಲ.

ಏಳು ಗೆದ್ದಿತು. ಮುಂದಿದ್ದ ಎರಡು ಕುದುರೆಗಳು ತಿರುವಿನಲ್ಲಿ ಒಂದನ್ನೊಂದು ತಳ್ಳಿಕೊಂಡು ಹೊರಗೆ ಸರಿದವು. ಇದು ಅವತ್ತು ಯಾಕೋ ಜನರನ್ನು ನೋಡುವುದು ಮರೆತು ಒಳಗಿನಿಂದ ನುಗ್ಗಿತು. ಮೂಗಿನಷ್ಟು ಅಂತರ. ಒಂದಕ್ಕೆ ಮೂವತ್ತರಷ್ಟು ಬಂತು. ಒಂಬತ್ತನೇ ಕಿಟಕಿಯ ಸಾಲಿನವರ ಮನೆಗಳಿಗೆಲ್ಲ ದುಡ್ಡು ಬಂತು, ನಮ್ಮ ಮನೆ ಒಂದನ್ನು ಬಿಟ್ಟು.

ಐದನೇ ರೇಸಿಗೆ ಒಂಬತ್ತನೇ ಕಿಟಕಿಯ ಸಾಲು ಗೇಟು ದಾಟಿ ರಸ್ತೆಗೆ ಬಂತು. ಉಳಿದ ಕಿಟಕಿಗಳಲ್ಲಿ ನೊಣ ಕೂಡ ಇಲ್ಲ. ಟಿಕೆಟ್ ಕೇಳುವವರೇ ಇಲ್ಲ, ಎಲ್ಲರೂ ಅಕ್ಕನ ಬಾಯಿ ನೋಡುತ್ತಾ ನಿಂತರು. ಅಕ್ಕ "ಮುಂದಿನವರು" ಎಂದಳು. "ಮುಂ… ಮೂರಂತೆ, ಮೂರು!" ಎಂದು ಯಾರೋ ಕೂಗಿದರು. ಗಾಬರಿಯಲ್ಲಿ ಅವಳಿಗೆ ಕೆಮ್ಮು ಬಂತು. ಎಷ್ಟು ಸಲ ಕೆಮ್ಮಿದಳು ಎಂಬುದರ ಮೇಲೆ ಎರಡು ಪಂಗಡವಾಗಿ ಕೈ ಕೈ ಮಿಲಾಯಿಸಿದರು. ಆರನೇ ರೇಸಿನ ಹೊತ್ತಿಗೆ, ನಾಲ್ಕನೆಯದರಲ್ಲಿ ಬೇರೆ ನಂಬರಿಗೆ ಕಟ್ಟಿ ಸೋತವರೆಲ್ಲ ಸೇರಿ ದೂರು ಬರೆದುಕೊಟ್ಟರು. ಅಕ್ಕನನ್ನು ಮನೆಗೆ ಕಳಿಸಿದರು. ನಿಯಮ ಹದಿನಾಲ್ಕು, ಎಂಟು ದಿನದಲ್ಲಿ ವಿಚಾರಣೆ.

"ಇದರಲ್ಲೇನಿದೆ? ಪಕ್ಕದೋನು ಮಲಗಿದ್ದ, ಎಬ್ಬಿಸಿದೆ ಅಂತ ಹೇಳು, ಮುಗೀತು" ಎಂದೆ ನಾನು.

"ಹೇಳಿದ್ರೆ ಅವನ ಕೆಲಸ ಹೋಗುತ್ತೆ ಕಣೇ."

"ಹೇಳ್ದಿದ್ರೆ ನಿಂದು ಹೋಗುತ್ತೆ! ಇಪ್ಪತ್ತೆಂಟು ವರ್ಷದ ದುಡಿಮೆ! ನಾಳೆ ನಾವಿಬ್ಬರೂ ಏನು ಈ ಮೆಷಿನ್ನಿನ ಕಾಲು ತಿಂತೀವಾ?"

ಅವಳು ನೀಲಿ ಪುಸ್ತಕ ತೆಗೆದು ಮೊದಲ ನಿಯಮದಿಂದ ಓದತೊಡಗಿದಳು. ಸುಮ್ಮನಿರಲು ಅವಕಾಶ ಕೊಡುವ ಯಾವುದಾದರೂ ನಿಯಮ ಸಿಗಬಹುದು ಎಂಬ ಆಸೆ. ಸಿಕ್ಕಿದ್ದು ಐವತ್ತೊಂದನೆಯದು. ವಿಚಾರಣೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರಿಸತಕ್ಕದ್ದು, ಸುಳ್ಳು ಹೇಳತಕ್ಕದ್ದಲ್ಲ. ಆ ಪುಟಕ್ಕೆ ಬಂದವಳು ಬಹಳ ಹೊತ್ತು ಮುಂದಿನ ಪುಟ ತಿರುಗಿಸಲಿಲ್ಲ. ನಮ್ಮಕ್ಕ ಹುಟ್ಟಿದಾಗಿನಿಂದ ಸುಳ್ಳು ಹೇಳಿದವಳಲ್ಲ. ಚಿಕ್ಕಂದಿನಲ್ಲಿ ನಾನು ಒಡೆದ ಲೋಟ ನಾನೇ ಒಡೆದದ್ದು ಎಂದು ಅಮ್ಮನಿಗೆ ಹೇಳಿ ನನಗೆ ಹೊಡೆಸಿದವಳು.

ಮೂರನೇ ದಿನ ಸಂಜೆ ಅವಳಿ ಅಪ್ಪನೇ ಬಂದ, ಹೆಗಲ ಮೇಲೆ ಒಂದು ಮಗು. ಅವನಿಗೆ ಸರಿಯಾಗಿ ನಾಲ್ಕು ಮಾತು ಅನ್ನಬೇಕೆಂದು ಬಾಯಲ್ಲಿದ್ದ ಗುಂಡುಸೂಜಿಗಳನ್ನೆಲ್ಲ ತೆಗೆದು ಸಿದ್ಧವಾದೆ. ಅವನು ಅದಕ್ಕೆ ಆಸ್ಪದವನ್ನೇ ಕೊಡಲಿಲ್ಲ.

"ಅಕ್ಕಾ, ನಾನೇ ಬಂದು ಹೇಳ್ತೀನಿ. ಮಲಗಿದ್ದು ನಾನು. ನಿಮ್ಮ ಅನ್ನ ಕಿತ್ಕೊಂಡು ನಾನು ಹೆಂಗೆ ಇರಲಿ?"

"ಕರೆಯದೆ ಯಾರೂ ವಿಚಾರಣೆಗೆ ಬರೋ ಹಾಗಿಲ್ಲ" ಎಂದಳು ಅಕ್ಕ. "ನಿಯಮ ಐವತ್ತು. ಕೂತ್ಕೊಂಡು ಚಾ ಕುಡಿ."

ನಾನು ಚಾ ಮಾಡಿ ತರುವಷ್ಟರಲ್ಲಿ ಕುರ್ಚಿಯಲ್ಲಿ ಅಪ್ಪನೂ ಮಲಗಿದ್ದ, ಅವನ ಎದೆಯ ಮೇಲೆ ಮಗುವೂ ಮಲಗಿತ್ತು. ಇಬ್ಬರ ಬಾಯಿಯೂ ಒಂದೇ ಅಳತೆಗೆ ತೆರೆದಿತ್ತು. ಅಕ್ಕ ಅವರನ್ನೇ ನೋಡುತ್ತಾ ಕೂತಿದ್ದಳು. "ಚಾ ಆರುತ್ತೆ, ಎಬ್ಬಿಸ್ಲಾ?" ಎಂದೆ. "ಬೇಡ" ಎಂದಳು. "ನಾನು ಎಬ್ಬಿಸಿದ್ದು ಸಾಕು." ಚಾ ನಾನೇ ಕುಡಿದೆ. ಅವನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ನನಗೇ ಗೊತ್ತಾಗಲಿಲ್ಲ. ಅಕ್ಕನ ಮೇಲಿನದು ಹೋಗಲಿಲ್ಲ.

ವಿಚಾರಣೆಗೆ ಆಪಾದಿತರು ಒಬ್ಬ ಹಿತೈಷಿಯನ್ನು ಕರೆತರಬಹುದಂತೆ. ಹಿತೈಷಿ ಮಾತಾಡತಕ್ಕದ್ದಲ್ಲವಂತೆ. ನಿಯಮ ಬರೆದವನು ನನ್ನನ್ನು ಎಲ್ಲೋ ನೋಡಿದ್ದಿರಬೇಕು. ನನ್ನ ಬಾಯಿ ಗೊತ್ತಿದ್ದೂ ಅಕ್ಕ ನನ್ನನ್ನೇ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ, "ಹೇಳ್ತೀಯಾ ಇಲ್ವಾ?" ಎಂದು ಕೇಳಿದೆ. "ಗೊತ್ತಿಲ್ಲ ಕಣೇ" ಎಂದಳು. ಗೊತ್ತಿಲ್ಲ ಎಂಬ ಮಾತು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು, ನನಗೆ ಭಯವಾಯಿತು.

ಉದ್ದ ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷರು, ಆಚೆ ಮೇಲ್ವಿಚಾರಕರು, ಈಚೆ ಟೈಪ್ ಮಾಡುವ ಗುಮಾಸ್ತರು. ಮೂಲೆಯಲ್ಲಿ ಸಾಕ್ಷಿಯಾಗಿ ದಪ್ಪ ಕನ್ನಡಕದವರು. ಹೊಸ ಕೋಟು ತೊಟ್ಟಿದ್ದರು. ಯಾವ ದುಡ್ಡಿನದು ಎಂದು ಕೇಳುವ ಅಗತ್ಯವಿರಲಿಲ್ಲ.

"ಟಿಕೆಟ್ ಮಾರುವಾಗ ನೀವು ಏಳು ಅಂದದ್ದು ನಿಜವೇ?" ಎಂದರು ಅಧ್ಯಕ್ಷರು.

"ನಿಜ ಸಾರ್."

"ಎಷ್ಟು ಸಲ?"

"ಮೂರು."

ಗುಮಾಸ್ತರು ಟೈಪ್ ಮಾಡಿದರು. ಅಧ್ಯಕ್ಷರು ಹಾಳೆ ಎಳೆದು ಓದಿ ಹುಬ್ಬು ಗಂಟಿಕ್ಕಿದರು. "ಏಳು, ಮೂರು. ಮೂರನೇ ನಂಬರನ್ನೂ ಹೇಳಿದ್ರಾ?"

"ಇಲ್ಲ ಸಾರ್. ಏಳು ಅಂತ ಮೂರು ಸಲ ಹೇಳಿದ್ದು. ಅದೂ ನಂಬರಿನ ಏಳಲ್ಲ. ಎದ್ದೇಳೋ ಏಳು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲ್ವಿಚಾರಕರು ಮೆಲ್ಲಗೆ ಏಳು, ಏಳು ಎಂದು ಎರಡು ಥರ ಹೇಳಿ ನೋಡಿದರು. ಎರಡೂ ಒಂದೇ ಥರ ಕೇಳಿಸಿತು. "ಎದ್ದೇಳು ಅಂತ ಪೂರ್ತಿ ಹೇಳಬಾರದಿತ್ತೇನಮ್ಮಾ?" ಎಂದು ಗುಮಾಸ್ತರು ನೊಂದುಕೊಂಡು ಕೇಳಿದರು.

"ಅನಗತ್ಯ ಮಾತು ಆಡಬಾರದಲ್ಲ ಸಾರ್."

"ಸರಿ" ಎಂದು ಅಧ್ಯಕ್ಷರು ಮುಂದಕ್ಕೆ ಬಾಗಿದರು. "ಯಾರಿಗೆ ಹೇಳಿದ್ರಿ? ಮಲಗಿದ್ದವರು ಯಾರು?"

ನನ್ನ ನಾಲಿಗೆಯ ತುದಿಯಲ್ಲಿ ಹತ್ತನೇ ಕಿಟಕಿ ಎಂಬುದು ಬಂದು ಕೂತಿತ್ತು. ಹಲ್ಲು ಕಚ್ಚಿ ಹಿಡಿದೆ. ಅಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು.

"ನಾನೇ ಸಾರ್" ಎಂದಳು.

"ಏನು?"

"ನಾನೇ ತೂಕಡಿಸ್ತಿದ್ದೆ. ನನಗೆ ನಾನೇ ಏಳು ಅಂತ ಹೇಳ್ಕೊಂಡೆ."

ನನ್ನ ಬಾಯಿ ತಾನಾಗಿಯೇ ತೆರೆಯಿತು. ಹಿತೈಷಿ ಬಾಯಿ ತೆರೆಯಬಾರದು ಎಂಬ ನಿಯಮವಿರಲಿಲ್ಲ, ಮಾತಾಡಬಾರದು ಎಂದಷ್ಟೇ ಇತ್ತು.

"ಹಂಗಾದ್ರೆ 'ಏಳು ಅಂದೆ ಅಲ್ವಾ' ಅಂತ ಗದರಿದ್ದು?" ಎಂದರು ಅಧ್ಯಕ್ಷರು.

"ಮೊದಲನೇ ಸಲಕ್ಕೆ ಎಚ್ಚರ ಆಗ್ಲಿಲ್ಲ ಸಾರ್."

ಅಧ್ಯಕ್ಷರು ಅವಳ ಮುಖವನ್ನು ನೋಡಿದರು. ಮೇಲ್ವಿಚಾರಕರೂ ನೋಡಿದರು. ನಾನೂ ನೋಡಿದೆ. ರೆಪ್ಪೆ ಬಡಿಯುವುದೊಂದು ಬಿಟ್ಟರೆ ಏನೂ ಇಲ್ಲ. ನಿಜ ಗೊತ್ತಿರದಿದ್ದರೆ ನಾನೂ ನಂಬುತ್ತಿದ್ದೆ. ಅಧ್ಯಕ್ಷರು ಸೋತು ಸಾಕ್ಷಿಯ ಕಡೆ ತಿರುಗಿದರು. "ನೀವು ಎದುರಿಗೇ ಇದ್ರಲ್ಲ, ಇವರು ನಿದ್ದೆಯಲ್ಲಿದ್ರಾ?"

ದಪ್ಪ ಕನ್ನಡಕದವರು ಎದ್ದು ನಿಂತರು. "ಕಣ್ಣೇನೋ ತೆರೆದಿತ್ತು ಸಾರ್. ಆದ್ರೆ ಈಯಮ್ಮನ ಮುಖ ನೋಡಿ ಎಚ್ಚರ ಇದಾರೋ ಇಲ್ವೋ ಅಂತ ಯಾರೂ ಹೇಳೋಕಾಗಲ್ಲ. ಇಪ್ಪತ್ತು ವರ್ಷದಿಂದ ನೋಡ್ತಾ ಇದೀನಿ. ಇಷ್ಟೂ ವರ್ಷ ನಿದ್ದೇಲೇ ಇದ್ರು ಅಂದ್ರೂ ನಂಬ್ತೀನಿ."

ನಿಯಮ ಹದಿನಾಲ್ಕರ ಆಪಾದನೆ ಬಿದ್ದುಹೋಯಿತು. ನಿಯಮ ಇಪ್ಪತ್ತಮೂರರದು ಸ್ವಂತ ಒಪ್ಪಿಗೆಯಿಂದ ಸಾಬೀತಾಯಿತು. ಅವಳ ಸೇವಾ ಪುಸ್ತಕ ತರಿಸಿದರು. ಇಪ್ಪತ್ತೆಂಟು ವರ್ಷದ ಪುಟಗಳಲ್ಲಿ ಒಂದು ಕೆಂಪು ಚುಕ್ಕಿಯೂ ಇರಲಿಲ್ಲ. ಗುಮಾಸ್ತರು ಕೆಂಪು ಶಾಯಿಯಲ್ಲಿ ಬರೆದು ಅವಳ ಮುಂದೆ ತಳ್ಳಿದರು. ಅಕ್ಕ ಓದಿದಳು. "'ನಿದ್ರಿಸಿದ್ದು' ಅಂತ ಆಗಬೇಕು ಸಾರ್, 'ನಿದ್ರೆಸಿದ್ದು' ಅಂತ ಆಗಿದೆ" ಎಂದು ತಿದ್ದಿಸಿ, ಆಮೇಲೆ ಸಹಿ ಹಾಕಿದಳು.

ಬಸ್ ನಿಲ್ದಾಣದ ಕಲ್ಲು ಬೆಂಚಿನ ತನಕ ಸರಿಯಾಗಿಯೇ ನಡೆದುಬಂದಳು. ಕೂತವಳೇ ಅಳತೊಡಗಿದಳು. ನಾನು ಅವಳು ಅತ್ತದ್ದನ್ನು ಕಂಡಿರಲಿಲ್ಲ. ಮುಖಕ್ಕೆ ಅಭ್ಯಾಸ ತಪ್ಪಿಹೋಗಿತ್ತು, ಎಲ್ಲಿಂದ ಶುರು ಮಾಡಬೇಕೆಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಮೂಗು ಒಂದು ಕಡೆ, ಬಾಯಿ ಒಂದು ಕಡೆ ಹೋಗುತ್ತಿತ್ತು. ನಗು ಬರಬೇಕಾದ ದೃಶ್ಯ, ನಾನು ನನ್ನ ಸೆರಗಿನ ತುದಿ ಅವಳ ಕೈಗೆ ಕೊಟ್ಟೆ.

"ಒಂದು ಸಲಾನೂ ಮಲಗಿಲ್ಲ ಕಣೇ" ಎಂದಳು. "ಜ್ವರ ಬಂದಾಗಲೂ ರೆಪ್ಪೆ ಮುಚ್ಚಿಲ್ಲ. ಕೆಂಪು ಶಾಯಿಯಲ್ಲಿ ಬರೆದುಬಿಟ್ರು."

"ನನಗೆ ಗೊತ್ತಲ್ಲೇ" ಎಂದೆ.

"ನಿನಗೆ ಗೊತ್ತಿದ್ದು ಏನು ಬಂತು? ನೀನು ಯಾರಿಗೂ ಹೇಳೋ ಹಾಗಿಲ್ಲ."

ನಾನು ಹೇಳಲಿಲ್ಲ. ಬಟ್ಟೆ ಹೊಲಿಸಲು ಬಂದವರೆಲ್ಲ, "ನಿಮ್ಮಕ್ಕ ಕಿಟಕೀಲಿ ನಿದ್ದೆ ಹೊಡೀತಿದ್ರಂತೆ?" ಎಂದು ಕೇಳುತ್ತಿದ್ದರು. ಹೌದ್ರೀ, ವಯಸ್ಸಾಯ್ತಲ್ಲ ಎನ್ನುತ್ತಿದ್ದೆ. ಹಾಗೆ ಎಂದಾಗಲೆಲ್ಲ ಕತ್ತರಿ ಅಡ್ಡಾದಿಡ್ಡಿ ಹೋಗುತ್ತಿತ್ತು. ಈಗ ಅವಳಿ ಅಪ್ಪ ಆ ಕೆಲಸ ಬಿಟ್ಟು ಬೇರೆ ಊರಿನಲ್ಲಿದ್ದಾನೆ, ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕಬೇಡ" ಎಂದಳು, ಅಷ್ಟೇ.

ಅವಳ ನಿವೃತ್ತಿಯ ದಿನ ಟಿಕೆಟ್ ಕಟ್ಟಡದ ಹಿಂದಿನ ಹಾಲಿನಲ್ಲಿ ಸಣ್ಣ ಸಭೆ ಮಾಡಿದರು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅಕ್ಕ ವೇದಿಕೆಯ ಮೇಲೆ ಅಧ್ಯಕ್ಷರ ಪಕ್ಕದಲ್ಲಿದ್ದಳು. ಅಧ್ಯಕ್ಷರು ಒಳ್ಳೆಯ ಮಾತನ್ನೇ ಆಡಿದರು. ಶಿಸ್ತು, ಪ್ರಾಮಾಣಿಕತೆ, ಒಂದು ಟಿಕೆಟ್ ಹೆಚ್ಚುಕಡಿಮೆ ಆಗಿಲ್ಲ, ಹೀಗೆ. ಕೊನೆಗೆ ನಗುತ್ತಾ, "ಇಪ್ಪತ್ತೆಂಟು ವರ್ಷದಲ್ಲಿ ಇವರದು ಒಂದೇ ಒಂದು ತಪ್ಪು. ಒಂದು ಮಧ್ಯಾಹ್ನ ಸ್ವಲ್ಪ ಕಣ್ಣು ಹತ್ತಿಬಿಟ್ಟಿತು!" ಎಂದರು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ತಿರುಗಿ ನೋಡಿದರೆ ಅವಳಿ ಅಪ್ಪ ಎದ್ದು ನಿಂತಿದ್ದ. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. "ಸಾರ್, ಅವತ್ತು…" ಎಂದು ಬಾಯಿ ತೆರೆದ. ಆ ವಾರವಷ್ಟೇ ಅವನ ಕೆಲಸ ಕಾಯಂ ಆಗುವ ಕಾಗದ ಸಹಿಗೆ ಹೋಗಿತ್ತು.

ಅಕ್ಕ ವೇದಿಕೆಯ ಮೇಲಿಂದಲೇ ಅವನನ್ನು ನೋಡಿದಳು.

"ಕೂತ್ಕೋ" ಎಂದಳು.

ಅವನು ನಿಂತೇ ಇದ್ದ. ಸಭೆ ಅವನ ಕಡೆ ತಿರುಗಿತು.

"ಕೂತ್ಕೋ ಅಂದೆ ಅಲ್ವಾ."

ಅವನು ಕೂತ. ಅಧ್ಯಕ್ಷರು ಭಾಷಣ ಮುಂದುವರಿಸಿದರು.